ವಲಯ ದೊಡ್ಡದಾದರೆ ಮದ್ದು ದೊಡ್ಡದೆ?

ಕೆಲವು ವರ್ಷಗಳ ಹಿಂದೆ ಶಿವಮೊಗ್ಗದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಯೋಜನಾ ವರದಿಗಳ ಮೌಲ್ಯಮಾಪನಕ್ಕೆ ನನ್ನನ್ನು ಕರೆದಿದ್ದರು. ನಾನು ಭೌತವಿಜ್ಞಾನದ ಅಧ್ಯಾಪಕ. ಸೂಕ್ಷ್ಮಜೀವಿ ವಿಜ್ಞಾನದ ಪ್ರಯೋಗಾಲಯದಲ್ಲಿ ನನಗೇನು ಕೆಲಸ ಎಂದುಕೊಳ್ಳುತ್ತಲೇ ಹೋದೆ. ಭದ್ರಾವತಿ ಕಡೆಯ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ತನ್ನ ಪೆಟ್ರಿ ತಟ್ಟೆಯನ್ನು ನನ್ನ ಮುಂದಿಟ್ಟಳು. ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ತಮ್ಮದೇ ಗದ್ದೆಯ ಭತ್ತದಲ್ಲಿ ಕಂದು ಚುಕ್ಕೆ ಬಿದ್ದ ಕಾಳುಗಳನ್ನು ಅವಳು ಆರಿಸಿದ್ದಳು. ಅವುಗಳಿಂದ ಶಿಲೀಂಧ್ರವನ್ನು ಬೇರ್ಪಡಿಸಿ, ಎರಡು ವಾರ ದ್ರವ ಮಾಧ್ಯಮದಲ್ಲಿ ಬೆಳೆಸಿ, ಈಥೈಲ್ ಅಸಿಟೇಟಿನಿಂದ ಸಾರ ತೆಗೆದಿದ್ದಳು. ಬ್ಯಾಕ್ಟೀರಿಯ ಹರಡಿದ ಅಗಾರ್ ಪದರದಲ್ಲಿ ಒಂದು ಕುಳಿ ಕೊರೆದು ಆ ಸಾರವನ್ನು ಹಾಕಿದ್ದಳು. ಕುಳಿಯ ಸುತ್ತ 14 ಮಿಲಿಮೀಟರ್ ವ್ಯಾಸದ ತಿಳಿಯಾದ ವೃತ್ತ. ಅಲ್ಲಿ ಬ್ಯಾಕ್ಟೀರಿಯ ಬೆಳೆದಿರಲಿಲ್ಲ. ವರದಿಯ ತಲೆಬರಹ: ‘ಭತ್ತದ ರೋಗಕಾರಕ ಶಿಲೀಂಧ್ರದಿಂದ ಹೊಸ ಪ್ರತಿಜೈವಿಕ’.

ನಾನು ಕೇಳಿದ್ದು ಒಂದೇ ಪ್ರಶ್ನೆ: “ಎಷ್ಟು ಹಾಕಿದೆಯಮ್ಮ?”

“ನೂರು ಮೈಕ್ರೋಲೀಟರ್, ಸರ್.”

“ಅದು ದ್ರಾವಣ. ಅದರಲ್ಲಿ ಮದ್ದು ಎಷ್ಟು?”

ಅವಳು ತನ್ನ ಮಾರ್ಗದರ್ಶಕರ ಕಡೆ ನೋಡಿದಳು. ಅವರು ನನ್ನ ಕಡೆ ನೋಡಿದರು.

ಅಂದಿನಿಂದ ಈ ಬಗೆಯ ಪ್ರಬಂಧಗಳನ್ನು ಕುತೂಹಲದಿಂದ ಓದುತ್ತ ಬಂದಿದ್ದೇನೆ. ಬೆಳೆರೋಗದ ಶಿಲೀಂಧ್ರ, ಬೀಜದ ಮೇಲಿನ ಶಿಲೀಂಧ್ರ, ಎಲೆಯೊಳಗೆ ಅಡಗಿರುವ ಶಿಲೀಂಧ್ರ – ಇವುಗಳಲ್ಲಿ ಔಷಧ ಗುಣವನ್ನು ಹುಡುಕುವ ಕೆಲಸ ನಮ್ಮ ಜಿಲ್ಲೆಯಲ್ಲೂ ನಾಡಿನ ಬೇರೆಡೆಗಳಲ್ಲೂ ನಡೆಯುತ್ತಿದೆ. ಈ ಹುಡುಕಾಟ ಅಗತ್ಯವಾದದ್ದು. ಆದರೆ ಅದರ ಅಳತೆಯಲ್ಲಿ ಒಂದು ದೋಷ ಮತ್ತೆ ಮತ್ತೆ ಕಾಣುತ್ತದೆ. ಅಧ್ಯಾಪಕರೂ ವಿದ್ಯಾರ್ಥಿಗಳೂ ಆದ ನೀವು ಅದನ್ನು ಗುರುತಿಸಬೇಕು ಎಂಬುದೇ ಈ ಬರಹದ ಉದ್ದೇಶ.

ಹುಡುಕಾಟ ಸರಿಯಾದದ್ದೆ

ಸಸ್ಯರೋಗ ವಿಜ್ಞಾನದ ಅಂತರರಾಷ್ಟ್ರೀಯ ಪದಕೋಶದಲ್ಲಿ ಎರಡು ಕನ್ನಡ ಪದಗಳಿವೆ ಎಂಬುದು ನಿಮಗೆ ಗೊತ್ತೆ? ಒಂದು, ಅಡಿಕೆಯ ‘ಕೊಳೆರೋಗ’. ಮೈಸೂರು ಸಂಸ್ಥಾನದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ಹೆಸರನ್ನೇ ಇಟ್ಟುಕೊಂಡು ರೋಗದ ವಿವರಗಳನ್ನು ಪ್ರಕಟಿಸಿದರು. ಇನ್ನೊಂದು, ಭತ್ತದ ‘ಊದುಬತ್ತಿ ರೋಗ’. ತೆನೆಯು ಹರಡಿಕೊಳ್ಳದೆ ಊದುಬತ್ತಿಯ ಕಡ್ಡಿಯಂತೆ ಬಿಗಿದುಕೊಂಡು ಹೊರಬರುವುದರಿಂದ ಈ ಹೆಸರು. ರೋಗಗಳಿಗೆ ನಮ್ಮ ರೈತರು ಕೊಟ್ಟ ಹೆಸರನ್ನೇ ಜಗತ್ತು ಸ್ವೀಕರಿಸಿದೆ ಎಂದ ಮೇಲೆ, ಮಲೆನಾಡಿನ ಮಳೆ ಎಂತಹ ಶಿಲೀಂಧ್ರಗಳನ್ನು ಸಾಕುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ. (ಕೊಳೆರೋಗದ ಫೈಟಾಫ್ತೊರವನ್ನು ಇಂದಿನ ವರ್ಗೀಕರಣದಲ್ಲಿ ನಿಜವಾದ ಶಿಲೀಂಧ್ರಗಳ ಸಾಲಿಗೆ ಸೇರಿಸುವುದಿಲ್ಲ ಎಂಬುದನ್ನು ಶಿಕ್ಷಕರು ಗಮನಿಸಬೇಕು.)

ಊದುಬತ್ತಿ ರೋಗದ ಶಿಲೀಂಧ್ರ ಸೇರಿರುವ ಕುಟುಂಬದಲ್ಲಿಯೇ ಒಬ್ಬ ಹೆಸರಾಂತ ಸದಸ್ಯನಿದೆ: ಯೂರೋಪಿನ ರೈ ಧಾನ್ಯದ ತೆನೆಯನ್ನು ಕಾಡುವ ಎರ್ಗಾಟ್. ಎರ್ಗಾಟ್ ಬೆರೆತ ಹಿಟ್ಟಿನ ರೊಟ್ಟಿ ತಿಂದವರ ಕೈಕಾಲುಗಳು ಕೊಳೆತು ಉದುರುತ್ತಿದ್ದವು. ನಮ್ಮ ದೇಶದಲ್ಲೂ 1975ರಲ್ಲಿ ರಾಜಸ್ಥಾನದಲ್ಲಿ ಎರ್ಗಾಟ್ ತಗುಲಿದ ಸಜ್ಜೆ ತಿಂದವರು ವಾಂತಿ, ತಲೆಸುತ್ತುಗಳಿಂದ ಬಳಲಿದರು. ಇದೇ ಎರ್ಗಾಟಿನಿಂದ 1918ರಲ್ಲಿ ಎರ್ಗಾಟಮೀನ್, 1935ರಲ್ಲಿ ಎರ್ಗೊಮೆಟ್ರಿನ್ ದೊರೆತವು. ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯಲು ಎರ್ಗೊಮೆಟ್ರಿನ್ ಬಗೆಯ ಔಷಧಗಳು ಇಂದಿಗೂ ಬಳಕೆಯಲ್ಲಿವೆ.

ಇನ್ನೂ ಅರ್ಥಪೂರ್ಣವಾದದ್ದು ಇಟಲಿಯ ಬಾರ್ತೊಲೊಮಿಯೊ ಗೋಸಿಯೊ ಅವರ ಕೆಲಸ. ಮುಗ್ಗಿದ ಮೆಕ್ಕೆಜೋಳಕ್ಕೂ ಪೆಲಾಗ್ರ ರೋಗಕ್ಕೂ ಸಂಬಂಧವಿದೆಯೆ ಎಂದು ಅವರು ಹುಡುಕುತ್ತಿದ್ದರು. 1893ರಲ್ಲಿ ಕಾಳಿನ ಮೇಲಿನ ಪೆನಿಸಿಲಿಯಮ್ ಶಿಲೀಂಧ್ರದಿಂದ ಒಂದು ವಸ್ತುವನ್ನು ಹರಳಿನ ರೂಪದಲ್ಲಿ ಪಡೆದರು. ಅದು ನೆರಡಿ ರೋಗದ ಬ್ಯಾಕ್ಟೀರಿಯದ ಬೆಳವಣಿಗೆಯನ್ನು ತಡೆಯುತ್ತದೆ ಎಂದು ತೋರಿಸಿದರು. ಪೆಲಾಗ್ರದ ಕಾರಣ ಅದಲ್ಲವೆಂಬುದು ಮುಂದೆ ತಿಳಿಯಿತು. ವಿಟಮಿನ್ ಕೊರತೆಯಿಂದ ಆ ರೋಗ ಬರುತ್ತದೆ. ಆದರೆ ಹರಳು ಉಳಿಯಿತು. ಇಂದು ಅದರ ಹೆಸರು ಮೈಕೊಫಿನಾಲಿಕ್ ಆಮ್ಲ. ಬದಲಿ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಂತೆ ಮಾಡುವ ಔಷಧವಾಗಿ ಅದರ ಒಂದು ರೂಪಕ್ಕೆ 1995ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ನಡುವೆ 102 ವರ್ಷಗಳು! ಗೋಸಿಯೊ ಅವರು ಬರೀ ಸಾರವನ್ನು ಪರೀಕ್ಷಿಸಿ ಬಿಟ್ಟಿದ್ದರೆ ಮುಂದಿನವರ ಕೈಗೆ ಏನು ಸಿಗುತ್ತಿತ್ತು ಎಂದು ಯೋಚಿಸಿ.

ವೃತ್ತದೊಳಗಿನ ಭೌತವಿಜ್ಞಾನ

ಈಗ ನಮ್ಮ ವಿದ್ಯಾರ್ಥಿನಿಯ ತಟ್ಟೆಗೆ ಬರೋಣ. ತಿಳಿಯಾದ ವೃತ್ತವನ್ನು ನಿರೋಧ ವಲಯ ಎನ್ನುತ್ತಾರೆ. ವಲಯ ದೊಡ್ಡದಾದಷ್ಟೂ ಮದ್ದು ಪ್ರಬಲ ಎಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಪ್ರಬಂಧಗಳಲ್ಲಿ ಮಿಲಿಮೀಟರುಗಳ ಕೋಷ್ಟಕವನ್ನು ಕೊಟ್ಟು, ‘ಇದು ಹೆಚ್ಚು, ಅದು ಕಡಿಮೆ’ ಎಂದು ತೀರ್ಮಾನ ಬರೆಯುತ್ತಾರೆ. ಆದರೆ ಆ ವೃತ್ತ ಹುಟ್ಟುವುದು ಹೇಗೆ?

ಕುಳಿಯಲ್ಲಿ ಹಾಕಿದ ವಸ್ತು ಅಗಾರಿನೊಳಗೆ ನಿಧಾನವಾಗಿ ಹರಡುತ್ತದೆ. ಇದೇ ವಿಸರಣೆ. ಅತ್ತ ಬ್ಯಾಕ್ಟೀರಿಯಗಳೂ ಸುಮ್ಮನಿರುವುದಿಲ್ಲ, ಹೆಚ್ಚುತ್ತಿರುತ್ತವೆ. ಕೆಲವು ಗಂಟೆಗಳ ನಂತರ ಅವು ಎಷ್ಟು ದಟ್ಟವಾಗುತ್ತವೆಂದರೆ, ಆಮೇಲೆ ಮದ್ದು ತಲುಪಿದರೂ ಪ್ರಯೋಜನವಿಲ್ಲ. ಆ ಗಳಿಗೆಯಲ್ಲಿ ಎಲ್ಲಿಯವರೆಗೆ ಮದ್ದಿನ ಸಾರತೆ ಸಾಕಷ್ಟು ಇತ್ತೊ ಅಲ್ಲಿಗೆ ವಲಯದ ಅಂಚು ನಿಲ್ಲುತ್ತದೆ. ಅಂದರೆ ಇದು ಒಂದು ಓಟದ ಪಂದ್ಯ. ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿಯೇ ಕೂಪರ್ ಮತ್ತು ಸಂಗಡಿಗರು ಇದರ ಗಣಿತವನ್ನು ಬಿಡಿಸಿಟ್ಟರು. ಅಂಚಿನವರೆಗಿನ ದೂರದ ವರ್ಗವು ಮೂರು ಅಂಶಗಳ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ: ವಸ್ತುವಿನ ವಿಸರಣ ಗುಣಾಂಕ, ಆ ನಿರ್ಣಾಯಕ ಸಮಯ, ಹಾಗೂ ಹಾಕಿದ ಸಾರತೆಯು ಕನಿಷ್ಠ ಬೇಕಾದ ಸಾರತೆಯ ಎಷ್ಟು ಪಟ್ಟು ಎಂಬುದರ ಲಾಗರಿತಮ್.

ಒಂದು ಲೆಕ್ಕ ಮಾಡೋಣ. ವಿಸರಣ ಗುಣಾಂಕ ಸೆಕೆಂಡಿಗೆ ಚದರ ಸೆಂಟಿಮೀಟರಿನ 5 ದಶಲಕ್ಷಾಂಶ, ನಿರ್ಣಾಯಕ ಸಮಯ 5 ಗಂಟೆ ಎಂದಿಟ್ಟುಕೊಳ್ಳಿ. ಒಂದು ದ್ರಾವಣ 5 ಮಿಲಿಮೀಟರ್ ದೂರದವರೆಗೆ ಬ್ಯಾಕ್ಟೀರಿಯವನ್ನು ತಡೆಯಿತು. ಅದನ್ನು ಹತ್ತು ಪಟ್ಟು ಗಟ್ಟಿ ಮಾಡಿದರೆ ದೂರ 50 ಮಿಲಿಮೀಟರ್ ಆಗುವುದಿಲ್ಲ, ಸುಮಾರು 10.4 ಆಗುತ್ತದೆ. ನೂರು ಪಟ್ಟು ಗಟ್ಟಿ ಮಾಡಿದರೆ 13.8 ಮಾತ್ರ. ತಿರುಗಿಸಿ ನೋಡಿ: ಕೋಷ್ಟಕದಲ್ಲಿ 10 ಮತ್ತು 14 ಎಂದು ಪಕ್ಕಪಕ್ಕದಲ್ಲಿರುವ ಎರಡು ಅಂಕಿಗಳ ಹಿಂದೆ ಹತ್ತು ಪಟ್ಟಿನ ವ್ಯತ್ಯಾಸ ಅಡಗಿರಬಹುದು.

ಇನ್ನೊಂದು ಮುಖವೂ ಇದೆ. ಸಮಾನ ಶಕ್ತಿಯ ಎರಡು ಮದ್ದುಗಳಲ್ಲಿ ಒಂದರ ವಿಸರಣ ಗುಣಾಂಕ ಇನ್ನೊಂದರ ಕಾಲು ಭಾಗವಿದ್ದರೆ ಅಂಚಿನವರೆಗಿನ ದೂರ ಅರ್ಧವಾಗುತ್ತದೆ. ದೊಡ್ಡ ಅಣುಗಳು ಅಗಾರಿನಲ್ಲಿ ತೆವಳುತ್ತವೆ. ಕೊಲಿಸ್ಟಿನ್ ಎಂಬ ಪ್ರತಿಜೈವಿಕ ಬೇರೆ ಔಷಧಗಳು ಸೋತಾಗ ಆಸ್ಪತ್ರೆಗಳಲ್ಲಿ ಕೊನೆಯ ಆಸರೆ. ಅದು ಅಗಾರಿನಲ್ಲಿ ಸರಿಯಾಗಿ ಹರಡದ ಕಾರಣ ಅದರ ಪರೀಕ್ಷೆಗೆ ಬಿಲ್ಲೆ ವಿಧಾನವನ್ನು ಬಳಸಬಾರದೆಂದು ಅಂತರರಾಷ್ಟ್ರೀಯ ಮಾನಕ ಸಮಿತಿಗಳೇ ಹೇಳಿವೆ. ವಲಯದ ಅಗಲವನ್ನಷ್ಟೇ ನಂಬಿದ್ದರೆ ಕೊಲಿಸ್ಟಿನ್ನನ್ನು ನಾವು ದುರ್ಬಲ ಮದ್ದೆಂದು ಎಸೆದುಬಿಡುತ್ತಿದ್ದೆವು.

ಹಾಗಾದರೆ ಆಸ್ಪತ್ರೆಯ ಪ್ರಯೋಗಾಲಯಗಳು ವಲಯವನ್ನು ಅಳೆಯುವುದಿಲ್ಲವೆ? ಅಳೆಯುತ್ತವೆ. 1966ರಲ್ಲಿ ಬಾವರ್, ಕರ್ಬಿ ಮತ್ತಿತರರು ರೂಪಿಸಿದ ವಿಧಾನ ಅದು. ಅಲ್ಲಿ ಅಗಾರಿನ ದಪ್ಪ 4 ಮಿಲಿಮೀಟರ್, ಬ್ಯಾಕ್ಟೀರಿಯದ ಸಂಖ್ಯೆ, ಉಷ್ಣತೆ, ಬಿಲ್ಲೆಯಲ್ಲಿನ ಮದ್ದಿನ ಪ್ರಮಾಣ ಎಲ್ಲವೂ ನಿಗದಿಯಾಗಿವೆ. ಪ್ರತಿಯೊಂದು ಮದ್ದಿಗೂ ಬೇರೆ ಬೇರೆ ಅಳತೆಪಟ್ಟಿ ಇದೆ. ಒಂದು ಮದ್ದಿಗೆ 15 ಮಿಲಿಮೀಟರ್ ಸಾಕು, ಇನ್ನೊಂದಕ್ಕೆ 20 ಬೇಕು. ಹೆಸರೇ ತಿಳಿಯದ ಹತ್ತಾರು ವಸ್ತುಗಳು ಕಲಸಿಹೋಗಿರುವ ಸಾರಕ್ಕೆ ಅಂತಹ ಪಟ್ಟಿ ಎಲ್ಲಿದೆ?

ಕುಳಿಯ ವ್ಯಾಸವನ್ನೂ ಮರೆಯಬೇಡಿ. 6 ಮಿಲಿಮೀಟರಿನ ಕುಳಿಯ ಸುತ್ತ ‘8 ಮಿಲಿಮೀಟರ್ ವಲಯ’ ಎಂದರೆ ಅಂಚು ಹೋಗಿರುವುದು ಒಂದೊಂದು ಬದಿಗೆ 1 ಮಿಲಿಮೀಟರ್ ಮಾತ್ರ. ಅಳೆಯುವ ಅಳತೆಪಟ್ಟಿಯ ಅತಿ ಚಿಕ್ಕ ಗೀಟೂ ಅಷ್ಟೆ!

ತರಗತಿಯಲ್ಲಿ ಮಾಡಿ ನೋಡಿ

ಇದಕ್ಕೆ ಯಾವ ಬ್ಯಾಕ್ಟೀರಿಯವೂ ಬೇಡ. ರೋಗಾಣು, ಶಿಲೀಂಧ್ರಗಳನ್ನು ಶಾಲೆಯಲ್ಲಿ ಬೆಳೆಸುವುದು ಅಪಾಯಕರ. ಮುಗ್ಗಿದ ಕಾಳುಗಳಲ್ಲಿ ಅಫ್ಲಾಟಾಕ್ಸಿನ್ನಿನಂತಹ ವಿಷಗಳಿರಬಹುದು. ದಿನಸಿ ಅಂಗಡಿಯ ಚೈನಾ ಗ್ರಾಸ್ ಸಾಕು. ಅದು ಅಗಾರೇ. 100 ಮಿಲಿಲೀಟರ್ ನೀರಿನಲ್ಲಿ ಒಂದೂವರೆ ಗ್ರಾಂ ಕುದಿಸಿ ಕರಗಿಸಿ, ಸಮತಟ್ಟಾದ ತಟ್ಟೆಗೆ ಹುಯ್ದು ಗಟ್ಟಿಯಾಗಲು ಬಿಡಿ. ತಂಪುಪಾನೀಯದ ಕೊಳವೆಯಿಂದ ಕುಳಿಗಳನ್ನು ಕೊರೆಯಿರಿ. ಒಂದರಲ್ಲಿ ಪೊಟ್ಯಾಸಿಯಮ್ ಪರ್ಮಾಂಗನೇಟ್ (ಅಣುತೂಕ 158), ಇನ್ನೊಂದರಲ್ಲಿ ಮೆಥಿಲೀನ್ ಬ್ಲೂ (ಅಣುತೂಕ ಸುಮಾರು 320) ಹಾಕಿ. ಎರಡರ ಸಾರತೆಯೂ ಶೇ. 1 ಇರಲಿ. ಒಂದು ಗಂಟೆ ಬಿಟ್ಟು ವ್ಯಾಸಗಳನ್ನು ಅಳೆಯಿರಿ. ಪರ್ಮಾಂಗನೇಟಿನ ವೃತ್ತ ದೊಡ್ಡದಾಗಿರುತ್ತದೆ. ಅದು ‘ಹೆಚ್ಚು ಶಕ್ತಿಶಾಲಿ’ ಬಣ್ಣವೆ ಎಂದು ಮಕ್ಕಳನ್ನು ಕೇಳಿ.

ಎರಡನೆಯ ತಟ್ಟೆಯಲ್ಲಿ ಪರ್ಮಾಂಗನೇಟನ್ನೇ ಶೇ. 1, ಶೇ. 0.1, ಶೇ. 0.01 ಸಾರತೆಗಳಲ್ಲಿ ಹಾಕಿ. ಕುಳಿಯ ಕೇಂದ್ರದಿಂದ ಬಣ್ಣದ ಅಂಚಿಗಿರುವ ದೂರದ ವರ್ಗವನ್ನು ಸಾರತೆಯ ಲಾಗರಿತಮ್ಮಿಗೆ ಎದುರಾಗಿ ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಸುಮಾರಾಗಿ ಸರಳರೇಖೆ ಬರುವುದನ್ನು ನೋಡುವ ಸಂತೋಷ ನಿಮ್ಮದಾಗಲಿ.

ಹೋಲಿಕೆ ಯಾವುದರೊಂದಿಗೆ?

ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಕಾಣುವ ಇನ್ನೊಂದು ರೂಢಿ, ಸಾರವನ್ನು ಮಾರುಕಟ್ಟೆಯ ಮದ್ದಿನೊಡನೆ ಹೋಲಿಸುವುದು. ಸಾರ ಮಿಲಿಲೀಟರಿಗೆ 20 ಅಥವಾ 50 ಮಿಲಿಗ್ರಾಂ, ಸ್ಟ್ರೆಪ್ಟೊಮೈಸಿನ್ 1 ಮಿಲಿಗ್ರಾಂ. ವಲಯಗಳು ಹತ್ತಿರ ಹತ್ತಿರ. ಆದ್ದರಿಂದ ಸಾರ ‘ಸ್ಟ್ರೆಪ್ಟೊಮೈಸಿನ್ನಿಗೆ ಸಮೀಪದ ಪರಿಣಾಮ’ ತೋರಿತು! ಒಂದು ತಕ್ಕಡಿಯಲ್ಲಿ ಕಿಲೋ ಬೊಟ್ಟು, ಇನ್ನೊಂದರಲ್ಲಿ ಗ್ರಾಂ ಬೊಟ್ಟು ಇಟ್ಟು ತೂಗಿದಂತಾಯಿತಲ್ಲವೆ? ಸ್ಪೇನಿನ ರಿಯೋಸ್ ಮತ್ತು ರೆಸಿಯೊ 2005ರಲ್ಲಿ ಈ ವಿಷಯದಲ್ಲಿ ಸ್ಪಷ್ಟ ಸಲಹೆ ಕೊಟ್ಟರು: ಸಾರವನ್ನು ಮಿಲಿಲೀಟರಿಗೆ 1 ಮಿಲಿಗ್ರಾಮಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಪರೀಕ್ಷಿಸುವುದು ಬೇಡ; 100 ಮೈಕ್ರೋಗ್ರಾಂ ಅಥವಾ ಅದಕ್ಕೂ ಕಡಿಮೆಯಲ್ಲಿ ಪರಿಣಾಮ ಕಂಡರೆ ಅದು ಗಮನಾರ್ಹ.

ಉತ್ಕರ್ಷಣ ನಿರೋಧಕ ಗುಣದ ಪರೀಕ್ಷೆಯದೂ ಇದೇ ಕಥೆ. ಡಿಪಿಪಿಎಚ್ ಎಂಬ ನೇರಳೆ ಬಣ್ಣದ ದ್ರಾವಣ ಹಳದಿಗೆ ತಿರುಗುವುದನ್ನು 517 ನ್ಯಾನೊಮೀಟರ್ ತರಂಗದೂರದಲ್ಲಿ ಅಳೆಯುತ್ತಾರೆ. ನಾವು ಬೆಳಿಗ್ಗೆ ಕುಡಿಯುವ ಚಹದ ಸಾರವೂ ಆ ಬಣ್ಣವನ್ನು ಸೊಗಸಾಗಿ ತಿರುಗಿಸುತ್ತದೆ. ಕೊಳವೆಯೊಳಗಿನ ಬಣ್ಣ ಬದಲಾಯಿತೆಂದು ರೋಗಿಯ ದೇಹದಲ್ಲಿ ಏನೋ ಆಗುತ್ತದೆ ಎಂದು ಬರೆಯುವುದು ಬಹಳ ದೊಡ್ಡ ಜಿಗಿತ.

ಇನ್ನು ‘ಹೊಸ’ ಎಂಬ ಪದ. ಕಂದು ಚುಕ್ಕೆ ರೋಗದ ಶಿಲೀಂಧ್ರ ಒಫಿಯೊಬೋಲಿನ್ ಎಂಬ ವಸ್ತುವನ್ನು ಸ್ರವಿಸುವುದು 1958ರಿಂದಲೂ ತಿಳಿದಿದೆ. ಅದು ಭತ್ತದ ಎಲೆಗೂ ವಿಷ, ಪ್ರಾಣಿಗಳ ಜೀವಕೋಶಗಳಿಗೂ ವಿಷ. ಬ್ಯಾಕ್ಟೀರಿಯ ಸತ್ತಿತೆಂದರೆ ಸಾಲದು. ರೋಗಿ ಬದುಕುತ್ತಾನೆಯೆ ಎಂಬುದನ್ನೂ ಕೇಳಬೇಕು. ಎಲ್ಲವನ್ನೂ ಕೊಲ್ಲುವುದಕ್ಕೆ ವಿಷ ಎಂದು ಹೆಸರು.

ಇಂದು ಇದ್ದದ್ದು ನಾಳೆ ಇರುವುದೆ?

ರೋಗಕಾರಕ ಶಿಲೀಂಧ್ರಗಳ ಕುಲಗಳಿಗೇ ಸೇರಿದ ಎಷ್ಟೋ ಶಿಲೀಂಧ್ರಗಳು ಗಿಡದೊಳಗೆ ರೋಗ ತೋರಿಸದೆ ನೆಲೆಸಿರುತ್ತವೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದ ಸಂಶೋಧಕರು ಮಲೆನಾಡಿನ ಔಷಧೀಯ ಪೊದೆಸಸ್ಯಗಳೊಳಗಿನ ಇಂತಹ ಶಿಲೀಂಧ್ರಗಳ ವೈವಿಧ್ಯವನ್ನು ದಾಖಲಿಸಿ 2008ರಲ್ಲಿ ಪ್ರಕಟಿಸಿದರು. ಇಂತಹ ತಾಳ್ಮೆಯ ಪಟ್ಟಿಯೇ ಮುಂದಿನ ಹುಡುಕಾಟಕ್ಕೆ ಬುನಾದಿ.

ಆದರೆ ಹುಡುಕಾಟದಲ್ಲಿ ಅವಸರ ಮಾಡಿದರೆ ಏನಾಗುತ್ತದೆ? 1993ರಲ್ಲಿ ಅಮೆರಿಕದ ಸಂಶೋಧಕರು ಯೂ ಮರದೊಳಗಿನ ಒಂದು ಶಿಲೀಂಧ್ರ ಕ್ಯಾನ್ಸರ್ ಔಷಧವಾದ ಟ್ಯಾಕ್ಸಾಲನ್ನು ತಾನೇ ತಯಾರಿಸುತ್ತದೆ ಎಂದು ವರದಿ ಮಾಡಿದರು. ಜಗತ್ತು ಸಂಭ್ರಮಿಸಿತು. ದೊರೆತ ಪ್ರಮಾಣ ಲೀಟರಿಗೆ 24ರಿಂದ 50 ನ್ಯಾನೊಗ್ರಾಂ. ರೋಗಿಯೊಬ್ಬರಿಗೆ ಒಂದು ಸಲಕ್ಕೆ ಸುಮಾರು 300 ಮಿಲಿಗ್ರಾಂ ಬೇಕೆಂದರೆ, 50 ನ್ಯಾನೊಗ್ರಾಮಿನ ಲೆಕ್ಕದಲ್ಲಿಯೂ 60 ಲಕ್ಷ ಲೀಟರ್ ಶಿಲೀಂಧ್ರದ ರಸ ಬೇಕು! ಅಷ್ಟಕ್ಕೇ ಮುಗಿಯಲಿಲ್ಲ. 2013ರಲ್ಲಿ ಜರ್ಮನಿಯ ತಂಡವೊಂದು ಮರುಪರೀಕ್ಷೆ ಮಾಡಿದಾಗ, ತಾನೇ ಟ್ಯಾಕ್ಸಾಲ್ ತಯಾರಿಸಲು ಬೇಕಾದ ಜೀನುಗಳು ಶಿಲೀಂಧ್ರದಲ್ಲಿ ಕಾಣಲೇ ಇಲ್ಲ.

ನಮ್ಮ ರಾಜ್ಯದ ಉದಾಹರಣೆ ಇನ್ನೂ ಹೆಚ್ಚು ಕಲಿಸುತ್ತದೆ. ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವಿದೆ. ಕ್ಯಾನ್ಸರ್ ಚಿಕಿತ್ಸೆಯ ಟೊಪೊಟೆಕಾನ್, ಇರಿನೊಟೆಕಾನ್‌ಗಳಿಗೆ ಅದೇ ಮೂಲ. ಮರದೊಳಗಿನ ಶಿಲೀಂಧ್ರಗಳಲ್ಲೂ ಅದು ಸಿಕ್ಕಿತು. ಮರ ಕಡಿಯುವುದು ತಪ್ಪೀತೆಂಬ ಆಸೆ ಹುಟ್ಟಿತು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಉಮಾಶಂಕರ್ ಮತ್ತು ಸಂಗಡಿಗರು ಅಲ್ಲಿಗೆ ನಿಲ್ಲಿಸಲಿಲ್ಲ. ಶಿಲೀಂಧ್ರವನ್ನು ತಲೆಮಾರಿನಿಂದ ತಲೆಮಾರಿಗೆ ಬೆಳೆಸುತ್ತ ಹೋದಂತೆ ಕ್ಯಾಂಪ್ಟೊಥೆಸಿನ್ ಕುಗ್ಗುತ್ತ ಹೋಗುತ್ತದೆ ಎಂಬುದನ್ನು ಅಳೆದು 2010ರಲ್ಲಿ ಪ್ರಕಟಿಸಿದರು. ಆಸೆಗೆ ಪೆಟ್ಟು ಕೊಡುವ ಫಲಿತಾಂಶವನ್ನು ಮುಚ್ಚಿಡದೆ ಶೀರ್ಷಿಕೆಯಲ್ಲೇ ಹೇಳಿದರು. ನನ್ನ ದೃಷ್ಟಿಯಲ್ಲಿ ಆ ಪ್ರಬಂಧ ಎಷ್ಟೋ ‘ಯಶಸ್ವಿ’ ಪ್ರಬಂಧಗಳಿಗಿಂತ ಮೇಲು.

ಉಪಕರಣಗಳಿಲ್ಲ ಎಂಬ ಮಾತು

“ನಮ್ಮ ಕಾಲೇಜುಗಳಲ್ಲಿ ಕೋಟಿ ರೂಪಾಯಿಯ ಯಂತ್ರಗಳಿಲ್ಲ, ನಾವೇನು ಮಾಡೋಣ?” ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಅಣುವಿನ ರಚನೆ ಬಿಡಿಸಲು ದೊಡ್ಡ ಯಂತ್ರಗಳು ಬೇಕೇ ಬೇಕು. ಪ್ರಬಂಧಗಳ ಸಂಖ್ಯೆಯಿಂದಲೇ ಅಧ್ಯಾಪಕರನ್ನು ಅಳೆಯುವ ಪದ್ಧತಿಯೂ ಅವಸರಕ್ಕೆ ಕಾರಣ. ಆದರೆ ಮೊದಲ ನಾಲ್ಕು ಹೆಜ್ಜೆಗಳಿಗೆ ಹಣ ಬೇಕಿಲ್ಲ.

ಒಂದು, ಕನಿಷ್ಠ ನಿರೋಧಕ ಸಾರತೆಯನ್ನು ಕಂಡುಹಿಡಿಯುವುದು. ಹತ್ತು ಪ್ರನಾಳಗಳಲ್ಲಿ ಸಾರವನ್ನು ಅರ್ಧ, ಕಾಲು, ಅರೆಕಾಲು ಹೀಗೆ ತೆಳುವಾಗಿಸಿ ಬ್ಯಾಕ್ಟೀರಿಯ ಸೇರಿಸಿ ಒಂದು ರಾತ್ರಿ ಇಟ್ಟರೆ, ತಿಳಿಯಾಗಿ ಉಳಿದ ಕೊನೆಯ ಪ್ರನಾಳವೇ ಉತ್ತರ. ಇಲ್ಲಿ ಅಗಾರಿನ ವಿಸರಣೆಯ ತಂಟೆಯಿಲ್ಲ. ಎರಡು, ಸಾರವಿಲ್ಲದ ಬರೀ ದ್ರಾವಕವನ್ನೂ, ಶಿಲೀಂಧ್ರ ಬೆಳೆಸದ ಬರೀ ಮಾಧ್ಯಮದ ಸಾರವನ್ನೂ ಅದೇ ಪರೀಕ್ಷೆಗೆ ಒಡ್ಡುವುದು. ಮೂರು, ತೆಳುಪದರ ಕ್ರೊಮೆಟೊಗ್ರಫಿಯಲ್ಲಿ ಸಾರವನ್ನು ಬಿಡಿಸಿ, ಅದರ ಮೇಲೆ ಬ್ಯಾಕ್ಟೀರಿಯ ಬೆರೆಸಿದ ಅಗಾರನ್ನು ತೆಳುವಾಗಿ ಹುಯ್ದು ಯಾವ ಚುಕ್ಕೆ ಕೆಲಸ ಮಾಡುತ್ತದೆಂದು ನೋಡುವುದು. ನಾಲ್ಕು, ಹರಳು ಸಿಕ್ಕರೆ ಅದರ ದ್ರವನ ಬಿಂದುವನ್ನು ಅಳೆಯುವುದು. ಶುದ್ಧ ವಸ್ತು ಒಂದೇ ಉಷ್ಣತೆಯಲ್ಲಿ ಥಟ್ಟನೆ ಕರಗುತ್ತದೆ. ಕಲಬೆರಕೆ ಹಲವು ಡಿಗ್ರಿಗಳ ಉದ್ದಕ್ಕೂ ಎಳೆದಾಡುತ್ತದೆ. ಇದಕ್ಕೆ ಉಷ್ಣಮಾಪಕ, ಸಪೂರ ಕೊಳವೆ ಸಾಕು.

ಭದ್ರಾವತಿಯವರಿಗೆ ಇದು ಹೊಸ ಪಾಠವಲ್ಲ. 1923ರಲ್ಲಿ ಅಲ್ಲಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಕುಲುಮೆಗೆ ಬೇಕಾದದ್ದು ಮಲೆನಾಡಿನ ಕಟ್ಟಿಗೆಯ ಇದ್ದಿಲು. ಕಟ್ಟಿಗೆ ಇದ್ದಿಲಾಗುವಾಗ ಏಳುವ ಹೊಗೆಯನ್ನು ಬಯಲಿಗೆ ಬಿಡದೆ ತಣಿಸಿ, ಮೆಥನಾಲ್, ಕ್ಯಾಲ್ಸಿಯಮ್ ಅಸಿಟೇಟ್, ಟಾರು ಎಂದು ಬೇರ್ಪಡಿಸುವ ಘಟಕವನ್ನೂ ಕಟ್ಟಿದ್ದರು. ಹೊಗೆಯಲ್ಲಿ ಉಪಯುಕ್ತ ವಸ್ತುವಿದೆ ಎಂದು ಹೇಳಿದರೆ ಸಾಲದು, ಬೇರ್ಪಡಿಸಿ ಎಷ್ಟಿದೆ ಎಂದು ತೂಗಬೇಕು ಎಂಬುದು ಆಗಲೇ ಗೊತ್ತಿತ್ತು.

ಅಡಿಕೆ ತೋಟದವರಿಗೂ ಇದು ಗೊತ್ತು. ಕೊಳೆರೋಗಕ್ಕೆ ಕೋಲ್ಮನ್ ಅವರ ಕಾಲದಿಂದ ಹೊಡೆಯುತ್ತ ಬಂದಿರುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ‘ಮೈಲುತುತ್ತ ಒಳ್ಳೆಯದು’ ಎಂದಷ್ಟೇ ಹೇಳಿದರೆ ಯಾವ ಬೆಳೆಗಾರನೂ ಕೊನೆಗೌಡನನ್ನು ಮರ ಹತ್ತಿಸುವುದಿಲ್ಲ. ಅಳತೆಯಿಲ್ಲದ ಮದ್ದನ್ನು ತೋಟಕ್ಕೆ ಒಪ್ಪದವರು ನಾವು, ಪ್ರಬಂಧದಲ್ಲಿ ಒಪ್ಪುವುದೇಕೆ?

ಆ ವಿದ್ಯಾರ್ಥಿನಿಯ ಕಥೆ ಹೇಳಿ ಮುಗಿಸುತ್ತೇನೆ. ಅವಳು ತಿಂಗಳೊಪ್ಪತ್ತು ಮತ್ತೆ ಕೆಲಸ ಮಾಡಿದಳು. ಮೊದಲು ಕುಳಿಗೆ ಹಾಕಿದ್ದ ದ್ರಾವಣದಲ್ಲಿ ಮಿಲಿಲೀಟರಿಗೆ 50 ಮಿಲಿಗ್ರಾಂ ಸಾರವಿತ್ತೆಂದು ತೂಗಿ ತಿಳಿದಳು. ಪ್ರನಾಳಗಳ ಪರೀಕ್ಷೆಯಲ್ಲಿ ಕನಿಷ್ಠ ನಿರೋಧಕ ಸಾರತೆ 5 ಮಿಲಿಗ್ರಾಂ ಬಂತು. ಅಂದರೆ ಗಮನಾರ್ಹ ಎನ್ನುವ ಮಟ್ಟಕ್ಕಿಂತ ಐವತ್ತು ಪಟ್ಟು ಹೆಚ್ಚು. ಅವಳ ಮುಖ ಸಪ್ಪಗಾಗಿದ್ದು ನಿಜ. ಆದರೆ ತೆಳುಪದರದ ಮೇಲೆ ಏಳು ಚುಕ್ಕೆಗಳಲ್ಲಿ ಒಂದೇ ಒಂದರ ಸುತ್ತ ಬ್ಯಾಕ್ಟೀರಿಯ ಬೆಳೆದಿರಲಿಲ್ಲ. ವರದಿಯ ತಲೆಬರಹದಿಂದ ‘ಹೊಸ ಪ್ರತಿಜೈವಿಕ’ ಹೋಗಿ, ‘ಕಂದು ಚುಕ್ಕೆ ರೋಗದ ಶಿಲೀಂಧ್ರದ ಸಾರದಲ್ಲಿ ಬ್ಯಾಕ್ಟೀರಿಯ ನಿರೋಧಕವಾದ ಒಂದು ಘಟಕ’ ಎಂದಾಯಿತು. ಮೊದಲ ತಲೆಬರಹದಿಂದ ಯಾರೂ ಮುಂದೆ ಏನನ್ನೂ ಮಾಡುವಂತಿರಲಿಲ್ಲ. ಎರಡನೆಯದರಿಂದ ಮಾಡಬಹುದು, ಚುಕ್ಕೆ ಎಲ್ಲಿದೆ ಎಂದು ಗೊತ್ತಿದೆ.

“ರೋಗ ಬಂದ ಭತ್ತವನ್ನು ಔಷಧ ಕಂಪನಿಯವರು ಕೊಳ್ಳುತ್ತಾರಾ ಅಂತ ಅಪ್ಪ ಕೇಳಿದರು, ಸರ್” ಎಂದು ಅವಳು ಹೊರಡುವಾಗ ಹೇಳಿದಳು.

“ನೀನು ಏನು ಹೇಳಿದೆ?”

“ಇಲ್ಲಪ್ಪ, ಅದನ್ನು ಕೋಳಿಗೂ ಹಾಕಬೇಡ, ಸುಟ್ಟುಬಿಡು ಅಂದೆ.”

ಅವಳಿಗೆ ಪೂರ್ಣ ಅಂಕ ಕೊಟ್ಟೆ. ನಿಮ್ಮ ಮುಂದೆ ಇಂತಹ ತಟ್ಟೆಯೊಂದು ಬಂದಾಗ, ವೃತ್ತವನ್ನು ಮೆಚ್ಚಿಕೊಳ್ಳಿ. ಆಮೇಲೆ ‘ಎಷ್ಟು?’ ಎಂದು ಕೇಳಿ.